ಗಡಿಯಾಚೆಗೊಂದು ಛತ್ರಿ

ಗಡಿ ದಾಟಿ ಕೆಲಸಕ್ಕೆ ಹೋಗಿಬರುವವರಿಗೆ ನಾನು ಮೊದಲು ಹೇಳುವುದು ಛತ್ರಿಯ ವಿಷಯ. ಎರಡು ಇಟ್ಟುಕೊಳ್ಳಿ ಎನ್ನುತ್ತೇನೆ, ಮನೆಯ ಕಡೆ ಒಂದು, ಕೆಲಸದ ಕಡೆ ಒಂದು. ಅರಸೀಕೆರೆಯಲ್ಲಿ ಮನೆ ನೋಡಿಕೊಂಡಿರುವ ಹೆಂಗಸನ್ನು ಇಂಥದ್ದನ್ನೆಲ್ಲ ಯಾರು ಕೇಳುತ್ತಾರೆ ಅನ್ನಿಸಬಹುದು. ನಿಜ, ಇದುವರೆಗೆ ಕೇಳಿದವಳು ಒಬ್ಬಳೇ. ಆದರೆ ಅವಳಿಗೆ ಹೇಳಿದ್ದರಲ್ಲಿ ಈ ಛತ್ರಿಯ ಮಾತೇ ಕೊನೆಗೆ ಉಪಯೋಗಕ್ಕೆ ಬಂದದ್ದು, ಅದೂ ನಾನು ಎಣಿಸಿರದ ರೀತಿಯಲ್ಲಿ.

ಮದುವೆಯಾದ ಮೇಲೆ ಕೆಲವು ವರ್ಷ ನಾವು ಜೈಗಾಂವ್‌ನಲ್ಲಿದ್ದೆವು. ಬಂಗಾಳದ ಉತ್ತರದ ಅಂಚಿನ ಊರು, ಅದರಾಚೆ ಭೂತಾನ್. ಬಣ್ಣ ಬಳಿದ ಒಂದು ದೊಡ್ಡ ಬಾಗಿಲಿನಿಂದ ಆಚೆಗೆ ಬೇರೆ ದೇಶ. ನನ್ನ ಯಜಮಾನರಿಗೆ ಆಚೆಯ ಫುಂಟ್‌ಶೋಲಿಂಗ್ ಪೇಟೆಯಲ್ಲಿ ಸಗಟು ಅಂಗಡಿಯೊಂದರ ಲೆಕ್ಕಪತ್ರ ನೋಡುವ ಕೆಲಸ. ಮನೆ ಮಾತ್ರ ಈಚೆ, ಬಟ್ಟೆ ಅಂಗಡಿಯ ಮೇಲಿನ ಎರಡು ಕೋಣೆ. ಬೆಳಿಗ್ಗೆ ಉಪ್ಪಿಟ್ಟು ತಿಂದು ಪರದೇಶಕ್ಕೆ ನಡೆದುಕೊಂಡು ಹೋಗುತ್ತಿದ್ದರು, ಸಂಜೆ ಕಾಫಿಯ ಹೊತ್ತಿಗೆ ಸ್ವದೇಶಕ್ಕೆ ಬರುತ್ತಿದ್ದರು. ನಾನೂ ಆಗಾಗ ಜೊತೆಗೆ ಹೋಗುತ್ತಿದ್ದೆ. ಈಚೆ ಹಾರ್ನಿನ ಗದ್ದಲದಲ್ಲಿ ಮಾತು ಕೇಳುತ್ತಿರಲಿಲ್ಲ. ಬಾಗಿಲು ದಾಟಿದರೆ ನನ್ನ ಕೈಬಳೆಯ ಸದ್ದು ನನಗೇ ಕೇಳುವಷ್ಟು ಶಾಂತ. ರಸ್ತೆ ದಾಟಲು ನಿಂತರೆ ಕಾರುಗಳು ತಾವೇ ನಿಲ್ಲುತ್ತಿದ್ದವು. ಮೊದಲ ಸಲ ನಾನು ಗಾಬರಿಯಾಗಿ, ಚಾಲಕನಿಗೆ ನಮಸ್ಕಾರ ಮಾಡಿಬಿಟ್ಟಿದ್ದೆ.

ಅಲ್ಲಿಂದ ವಾಪಸು ಬಂದು ಅರಸೀಕೆರೆಯಲ್ಲಿ ನೆಲೆಯಾದ ಮೇಲೆ ಅದೆಲ್ಲ ಹಳೆಯ ಮಾತಾಗಿತ್ತು. ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ ಮಾದಿಹಳ್ಳಿಯಿಂದ ನಮ್ಮ ಅತ್ತಿಗೆಯ ಫೋನು ಬಂತು. ಅತ್ತಿಗೆ ಎಂದರೆ ನನ್ನ ಯಜಮಾನರ ಅಕ್ಕ. ಹಸು, ಗದ್ದೆ, ನಾಲ್ಕು ತೆಂಗಿನ ಮರ, ಇವುಗಳ ನಡುವೆ ದಿನವಿಡೀ ಓಡಾಡುವ ಗಟ್ಟಿ ಹೆಂಗಸು. ಅವರ ಸೊಸೆ ಬಿಕ್ಕೋಡಿನ ಕಡೆಯ ಹುಡುಗಿ, ಹಾಲಿನ ತಂತ್ರಜ್ಞಾನ ಓದಿದವಳು. ಹಾಲಿನ ಕೇಂದ್ರವೊಂದರಲ್ಲಿ ತಾತ್ಕಾಲಿಕ ಕೆಲಸದಲ್ಲಿದ್ದಳು. ನನ್ನ ಯಜಮಾನರ ಹಳೆಯ ಸ್ನೇಹಿತರೊಬ್ಬರ ಮೂಲಕ ಅವಳಿಗೆ ಫುಂಟ್‌ಶೋಲಿಂಗ್‌ನ ಹಾಲಿನ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತ್ತು. ಗಂಡ ಎಲೆಕ್ಟ್ರಿಷಿಯನ್, ಜೈಗಾಂವ್‌ನ ಹೋಟೆಲುಗಳಲ್ಲಿ ತನಗೂ ಕೆಲಸವುಂಟೆಂದು ಜೊತೆಗೆ ಹೊರಟಿದ್ದ. ನಾವು ಮಾಡಿದಂತೆಯೇ ಮನೆ ಈಚೆ, ಕೆಲಸ ಆಚೆ.

"ದಿನಾ ಬೆಳಗಾದ್ರೆ ಪರದೇಶಕ್ಕೆ ಹೋಗಿ ಸಂಜಿಕೆ ಬತ್ತಾಳಂತೆ," ಅಂದರು ಅತ್ತಿಗೆ. "ಹಾಸನಕ್ಕೆ ಹೋಗ್ಬಂದಂಗೆ ಕಣವ್ವಾ ಅಂತಾನೆ ನನ್ನ ಮಗ. ನನಗ್ಯಾಕೋ ತಲೆಗೆ ಹತ್ತಾ ಇಲ್ಲ. ನೀನು ಅಲ್ಲಿದ್ದೋಳು, ಬಂದು ನನ್ನ ಕಣ್ಣಿಗೆ ಕಾಣಂಗೆ ಹೇಳು. ಒಪ್ಪಿಗೆ ಆದ್ರೆ ಕಳಿಸ್ತೀನಿ. ಆಗ್ಲಿಲ್ಲ ಅಂದ್ರೆ ಬ್ಯಾಡ ಅಂತ ನೀನೇ ಅವಳಿಗೆ ಹೇಳ್ಬೇಕು."

ಈ ಕೊನೆಯ ಷರತ್ತು ನನಗೆ ಇಷ್ಟವಾಗಲಿಲ್ಲ. ಆದರೂ ಭಾನುವಾರ ಬೆಳಿಗ್ಗೆ ಜಾವಗಲ್ ಮೇಲಿನ ಬಸ್ಸು ಹಿಡಿದೆ. ಕಾರ್ಖಾನೆಯವರಿಗೆ ಸೋಮವಾರ ಬೆಳಿಗ್ಗೆ ಉತ್ತರ ಹೇಳಬೇಕಿತ್ತು, ಅಂದರೆ ನನಗಿದ್ದದ್ದು ಆ ಒಂದು ದಿನ. ಹಳೇಬೀಡಿನಲ್ಲಿ ಇಳಿದಾಗ ಪ್ರವಾಸಿಗರ ಬಸ್ಸೊಂದು ಬಂದು ನಿಂತಿತ್ತು. ಟೋಪಿ ಹಾಕಿಕೊಂಡ ಅಜ್ಜಿಯರೆಲ್ಲ ಸಾಲಾಗಿ ಎಳನೀರು ಕುಡಿಯುತ್ತಿದ್ದರು. ದೇಶ ಬಿಟ್ಟು ಬಂದವರ ಮುಖದಲ್ಲಿ ಎಂಥ ನಿಶ್ಚಿಂತೆ ಎಂದುಕೊಳ್ಳುತ್ತ ಮಾದಿಹಳ್ಳಿ ಬಸ್ಸು ಹತ್ತಿದೆ.

ಮನೆ ಬಾಗಿಲಲ್ಲೇ ಸೊಸೆ ಸಿಕ್ಕಳು. ಚೀಲ ಇಸಿದುಕೊಂಡು, ನೀರಿನ ಚೊಂಬು ಕೊಟ್ಟಳು. ಕೊಡುವಾಗ ಅವಳ ಮಣಿಕಟ್ಟಿನ ವಾಚು ಕಣ್ಣಿಗೆ ಬಿತ್ತು. ಗೋಡೆಯ ಗಡಿಯಾರಕ್ಕಿಂತ ಅರ್ಧ ಗಂಟೆ ಮುಂದೆ ಓಡುತ್ತಿತ್ತು. ಕೆಟ್ಟಿರಬೇಕು ಎಂದು ಹೇಳಹೋದವಳಿಗೆ ನೆನಪಾಯಿತು. ಭೂತಾನಿನ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಮುಂದು. ಹುಡುಗಿ ಆಗಲೇ ವಾಚು ತಿರುಗಿಸಿಟ್ಟುಕೊಂಡಿದ್ದಳು. ನಾನು ನೋಡಿದ್ದನ್ನು ಅವಳೂ ನೋಡಿ ಸೆರಗಿನ ತುದಿಯಿಂದ ಕೈ ಮುಚ್ಚಿಕೊಂಡಳು.

"ಅತ್ತೆಗೆ ಹೇಳ್ಬೇಡಿ," ಅಂದಳು ಮೆಲ್ಲಗೆ. "ನನಗೆ ತುಂಬಾ ಆಸೆ ಇದೆ, ಅರಸೀಕೆರೆ ಅತ್ತೆ. ಆದ್ರೆ ಅವರು ಮನಸಾರೆ ಹೋಗ್ಬಾ ಅನ್ನದೆ ನಾನು ಹೋಗಲ್ಲ. ಮುಖ ಊದಿಸ್ಕೊಂಡವರನ್ನ ಬಿಟ್ಟು ಹೋದ್ರೆ ಅಲ್ಲಿ ಕೈಗೆ ಕೆಲಸ ಹತ್ತೋದಿಲ್ಲ."

ಬಾಯಿಮಾತಿನಲ್ಲಿ ಹೇಳಿದರೆ ಅತ್ತಿಗೆಗೆ ಸಮಾಧಾನವಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಕಣ್ಣಿಗೆ ಕಾಣಬೇಕು ಎಂದಿದ್ದರಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಯಾವುದಾದರೂ ಹೊಸ ಸ್ಥಳಕ್ಕೆ ಮಕ್ಕಳನ್ನು ಕರೆದೊಯ್ಯುವ ಮುಂಚೆ ಅಂಗಳದಲ್ಲಿ ಸೀಮೆಸುಣ್ಣದ ಗೆರೆ ಎಳೆದು ಅಭ್ಯಾಸ ಮಾಡಿಸುತ್ತಿದ್ದರು. ಇದು ರೈಲ್ವೆ ಸ್ಟೇಷನ್ನು, ಇದು ಟಿಕೆಟ್ ಕಿಟಕಿ, ಒಂದು ತೋಳಿನ ದೂರ ಬಿಟ್ಟು ನಿಲ್ಲಿ. ನನಗೆ ಅದೇ ನೆನಪಾಯಿತು.

ಊಟವಾದ ಮೇಲೆ ಎಲ್ಲರನ್ನೂ ಹಿತ್ತಿಲಿಗೆ ಕರೆದೆ. ಹಿತ್ತಿಲಿಗೂ ಕೊಟ್ಟಿಗೆಗೂ ನಡುವೆ ತಗಡಿನ ಸಣ್ಣ ಗೇಟು. "ಈ ಕಡೆ ಜೈಗಾಂವ್," ಅಂದೆ. "ಆ ಕಡೆ ಭೂತಾನ್. ಅತ್ತಿಗೆ, ನೀವು ಗೇಟಿನ ಅಧಿಕಾರಿ. ಇವಳು ಕೆಲಸಕ್ಕೆ ಹೊರಟಿದಾಳೆ, ನೀವು ನೋಡಿ ಬಿಡಬೇಕು."

"ನಮ್ ಕೊಟ್ಟಿಗೇನೇ ಪರದೇಶ ಮಾಡ್ದೆಯಲ್ಲೇ," ಅನ್ನುತ್ತ ಅತ್ತಿಗೆ ಸೀರೆಯ ನೆರಿಗೆ ಸಿಕ್ಕಿಸಿಕೊಂಡು ಗೇಟಿಗೆ ಅಡ್ಡ ನಿಂತರು. ಕೊಟ್ಟಿಗೆಯಲ್ಲಿದ್ದ ಹಸು ತಲೆಯೆತ್ತಿ ನೋಡಿ ಮತ್ತೆ ಮೇವಿಗೆ ಬಾಯಿ ಹಾಕಿತು.

ಸೊಸೆ ಊಟದ ಡಬ್ಬಿ ಹಿಡಿದು ಬಂದಳು. ಆಧಾರ್ ಕಾರ್ಡು ತೋರಿಸಿದಳು.

"ಅದು ನಡೆಯಲ್ಲ," ಅಂದೆ ನಾನು. "ವೋಟರ್ ಕಾರ್ಡು ಬೇಕು, ಇಲ್ಲಾ ಪಾಸ್‌ಪೋರ್ಟು. ಫೋನಿನಲ್ಲಿ ತೆಗೆದ ಫೋಟೋ ಅಲ್ಲ, ಕಾರ್ಡೇ ಕೈಲಿರಬೇಕು. ಕಾರ್ಖಾನೆಯವರು ಮಾಡಿಸಿಕೊಡುವ ಕೆಲಸದ ಪರವಾನಗಿಯೂ ಜೊತೆಗೆ."

"ಆಧಾರ್ ಇಲ್ದಿದ್ರೆ ಇಲ್ಲಿ ಗೊಬ್ಬರದ ಮೂಟೇನೂ ಕೊಡಲ್ಲ," ಅಂದರು ಅಧಿಕಾರಿ. "ಅವರಿಗೆ ಅದೇ ಬ್ಯಾಡವಂತೆ. ಹೋಗು, ವಾಪಸ್ ಹೋಗು. ವೋಟರ್ ಕಾರ್ಡ್ ತಗೊಂಬಾ."

ಸೊಸೆ ಒಳಗೆ ಓಡಿ ತಂದಳು. ಅತ್ತಿಗೆ ಅದನ್ನು ಕೈಯಲ್ಲಿ ದೂರ ಹಿಡಿದು, ಹತ್ತಿರ ಹಿಡಿದು, ಸೊಸೆಯ ಗಲ್ಲ ಎತ್ತಿ ಫೋಟೋದ ಜೊತೆ ಹೋಲಿಸಿದರು. "ಇದ್ರಾಗೆ ದಪ್ಪಕ್ಕಿದೀಯ. ಈಗ ನಮ್ಮನೇಲಿ ಊಟ ಹಾಕ್ತಿಲ್ಲ ಅಂತ ಆ ಆಫೀಸರ್ ಅನ್ಕೊಳ್ಳಲ್ವ?"

ಅಷ್ಟರಲ್ಲಿ ಪಕ್ಕದ ಮನೆಯಾಕೆ ಹಾಲಿಗೆಂದು ಪಾತ್ರೆ ಹಿಡಿದು ಬಂದರು. ಗೇಟಿನಲ್ಲಿ ಅತ್ತಿಗೆ ಕೈ ಅಡ್ಡ ಹಿಡಿದರು. "ಸಾಲಿನಾಗೆ ನಿಂತ್ಕೊಳಮ್ಮ. ಕಾರ್ಡ್ ಎಲ್ಲಿ?"

"ಏನ್ ಕಣ್ರೀ ಇದು, ಇವತ್ತು ಹಾಲಿಗೂ ಕಾರ್ಡು ಬಂತಾ?" ಎಂದರು ಅವರು. ನಾನು ವಿಷಯ ಹೇಳಿದೆ. ಆಕೆ ಕೂಡಲೇ ಆಟಕ್ಕೆ ಸೇರಿ, ತಮ್ಮ ಪಾತ್ರೆಯನ್ನು ಸೊಸೆಯ ಕಡೆ ಚಾಚಿದರು. "ಹೆಂಗೂ ಆ ಕಡೆ ಹೋಗ್ತಿದೀಯಲ್ಲ ಮಗ, ಇದನ್ನೊಂದು ದಾಟಿಸ್ಬಿಡು."

ಸೊಸೆ ಕೈ ಚಾಚಿದಳು. ನಾನು ತಡೆದೆ. ಗಡಿ ದಾಟುವವರು ಕಲಿಯಬೇಕಾದ ಮುಖ್ಯ ಪಾಠ ಅದು. ಇನ್ನೊಬ್ಬರ ಗಂಟು, ಎಷ್ಟೇ ಚಿಕ್ಕದಿರಲಿ, ಎಷ್ಟೇ ನಗುಮುಖದಿಂದ ಕೊಡಲಿ, ಹಿಡಿದು ದಾಟಬಾರದು. "ನಿಮ್ದು ನೀವೇ ತಗೊಂಡ್ಬನ್ನಿ, ಅಕ್ಕ, ನನ್ನ ಕೈಲಿ ಆಗಲ್ಲ ಅಂತ ನಕ್ಕೇ ಹೇಳು," ಅಂದೆ. ಸೊಸೆ ಹಾಗೆಯೇ ಹೇಳಿದಳು. ಪಕ್ಕದ ಮನೆಯಾಕೆ, "ಇರ್ಲಿ ಬಿಡವ್ವ, ನೀನು ಭೂತಾನಿಂದ ಬಂದ್ಮೇಲೆ ನಮ್ಮನೆ ಮಜ್ಜಿಗೆ ಕೇಳೋಕ್ ಬತ್ತೀಯಲ್ಲ, ಆಗ ನೋಡ್ಕೋತೀನಿ," ಅಂದರು.

ಇನ್ನುಳಿದದ್ದನ್ನೂ ನಡೆದಾಡುತ್ತಲೇ ಹೇಳಿಕೊಟ್ಟೆ. ಫೋನಿನ ಗಡಿಯಾರ ನಂಬಬಾರದು. ಗಡಿಯ ಹತ್ತಿರ ಅದು ಒಮ್ಮೆ ಈ ದೇಶದ ಹೊತ್ತು ತೋರಿಸಿದರೆ ಒಮ್ಮೆ ಆ ದೇಶದ್ದು ತೋರಿಸುತ್ತದೆ. ಗೋಡೆಯ ಗಡಿಯಾರ ಈಚೆಯದಿರಲಿ, ಕೈಯದು ಆಚೆಯದಿರಲಿ. ಹಬ್ಬಗಳು ಬೇರೆ ಬೇರೆ. ನಮ್ಮ ಗೌರಿ ಹಬ್ಬದ ದಿನ ಅಲ್ಲಿ ಕೆಲಸ ಇರುತ್ತದೆ, ಅವರ ಹಬ್ಬಕ್ಕೆ ಇವಳು ಮನೆಯಲ್ಲಿ ಸುಮ್ಮನೆ ಕುಳಿತಿರುತ್ತಾಳೆ. ಆ ದಿನ ಒಬ್ಬಟ್ಟು ಮಾಡಿದರಾಯಿತು, ಒಬ್ಬಟ್ಟಿಗೆ ದೇಶವಿಲ್ಲ. ಸಂಜೆ ಎಷ್ಟು ಹೊತ್ತಾದರೂ ಬಾಗಿಲು ತೆರೆದೇ ಇರುತ್ತದೆಂದು ತಿಳಿಯಬಾರದು. ಮತ್ತೆ ಛತ್ರಿ. ಬೆಟ್ಟದ ಬುಡದ ಮಳೆ ಹೇಳಿಕೇಳಿ ಬರುವುದಲ್ಲ. ಬೆಳಿಗ್ಗೆ ಬಿಸಿಲೆಂದು ಬರಿಗೈಯಲ್ಲಿ ಹೋದವರು ಸಂಜೆ ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ನಮ್ಮ ಯಜಮಾನರ ಒಂದು ಛತ್ರಿ ಯಾವಾಗಲೂ ಆಚೆ ಇರುತ್ತಿತ್ತು. ಬಾಗಿಲಿನ ಸಮೀಪ ಮೊಮೊ ಎಂಬ ಹಬೆಕಡುಬು ಮಾರುವ ಅಂಗಡಿಯಾಕೆಯೊಬ್ಬಳು ಅದನ್ನು ತನ್ನ ಒಲೆಯ ಹಿಂದಿನ ಮೊಳೆಗೆ ನೇತುಹಾಕಿಕೊಂಡಿರುತ್ತಿದ್ದಳು.

ಅತ್ತಿಗೆ ಎಲ್ಲಕ್ಕೂ ತಲೆಯಾಡಿಸಿದರು. ನಗುತ್ತಲೂ ಇದ್ದರು. ಗೆದ್ದೆವು ಎಂದು ನಾನು ಸೊಸೆಯ ಮುಖ ನೋಡಿದೆ. ಆಗಲೇ ಅತ್ತಿಗೆ ಕೇಳಿದರು, "ಬೆಳಿಗ್ಗೆ ಗೇಟು ದಾಟೋದು ಎಷ್ಟೊತ್ತಿಗೆ?"

"ನಮ್ಮ ಗಡಿಯಾರದಲ್ಲಿ ಏಳೂವರೆ ಮೇಲಾಗುತ್ತೆ," ಅಂದಳು ಸೊಸೆ. "ಎಂಟಕ್ಕೆ, ಅಂದ್ರೆ ಅವರ ಎಂಟೂವರೆಗೆ, ಕಾರ್ಖಾನೇಲಿರ್ಬೇಕು."

ಅತ್ತಿಗೆ ಗೇಟು ಮುಚ್ಚಿದರು. ನಿಜವಾಗಿಯೂ ಕೊಂಡಿ ಹಾಕಿದರು. "ಹಂಗಾದ್ರೆ ಆಗಾಕಿಲ್ಲ. ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ ಐತೆ."

ನಮ್ಮ ಅತ್ತಿಗೆ ರಾಹುಕಾಲದಲ್ಲಿ ಹಾಲಿನ ಕ್ಯಾನನ್ನೂ ಹೊಸಿಲು ದಾಟಿಸುವವರಲ್ಲ.

ಅವರ ಮಗ ಅಲ್ಲಿಯವರೆಗೆ ಮೋಟರಿನ ವೈರು ಸರಿಮಾಡುತ್ತ ಕುಳಿತಿದ್ದ. "ಮನೆಯಿಂದ ಏಳಕ್ಕೇ ಹೊರಟ್ರಾಯ್ತು ಕಣವ್ವಾ," ಅಂದ.

"ಮನೆ ಹೊಸಿಲು ಒಂದಾದ್ರೆ ಹಂಗೇ ಮಾಡ್ಬೋದಿತ್ತು," ಅಂದರು ಅತ್ತಿಗೆ. "ಇವಳಿಗೆ ದಿನಾ ಎರಡು ಹೊಸಿಲು. ಮನೇದೊಂದು, ದೇಶದ್ದೊಂದು. ದೇಶದ ಹೊಸಿಲು ದೊಡ್ಡದು ಅಲ್ವ? ಏಳಕ್ಕೆ ಹೊರಟು ಸಾಲಿನಾಗೆ ನಿಂತ್ಕೋತಾಳೆ, ಮುಂದಿರೋನ ಕಾರ್ಡು ಸರಿ ಇರಲ್ಲ, ಈಗ ನೀವೇ ತೋರಿಸಿದ್ರಲ್ಲ, ಇವಳ ಕಾಲು ಆ ಕಡೆ ಬೀಳೋ ಹೊತ್ತಿಗೆ ರಾಹು ಬಂದು ಕುಂತಿರ್ತಾನೆ. ಒಂದು ವಾರ ಅಲ್ಲ, ಪ್ರತಿ ವಾರ."

"ಅಲ್ಲಿ ಗಡಿಯಾರ ಮುಂದೆ ಅಲ್ವಾ ಅತ್ತೆ," ಅಂದಳು ಸೊಸೆ, ಸಣ್ಣ ಆಸೆಯಿಂದ.

"ರಾಹು ಯಾವ ಗಡಿಯಾರ ಕಟ್ಟವ್ನೆ ಅಂತ ನೀ ನೋಡಿದೀಯ?"

ನಾನು ಕಾನ್ವೆಂಟಿನಲ್ಲಿ ಓದಿದವಳು, ಇಂಥದ್ದನ್ನು ಅಷ್ಟಾಗಿ ನೋಡುವವಳಲ್ಲ. ಆದರೆ ಅತ್ತಿಗೆಯ ಎರಡು ಹೊಸಿಲಿನ ಮಾತು ಮಾತ್ರ ನನ್ನ ಮನಸ್ಸಿಗೆ ನಾಟಿತು. ಅಷ್ಟು ವರ್ಷ ಅಲ್ಲಿದ್ದೂ ನನಗೆ ಹಾಗೆ ಕಂಡಿರಲಿಲ್ಲ. ಇವರು ಮಾದಿಹಳ್ಳಿ ಬಿಟ್ಟು ಕದಲದೆ ಆ ಬಾಗಿಲನ್ನು ನನಗಿಂತ ಚೆನ್ನಾಗಿ ನೋಡಿದ್ದರು. ಮೂಢನಂಬಿಕೆ ಎಂದು ಅಂದುಬಿಟ್ಟರೆ ಹುಡುಗಿ ಹೋಗಬಹುದು, ಆದರೆ ಮನಸಾರೆ ಹೋಗ್ಬಾ ಎನ್ನುವ ಮಾತು ಸಿಗುತ್ತಿರಲಿಲ್ಲ.

ಸೊಸೆ ಬೀದಿ ಕಡೆಯಿಂದ ಸುತ್ತಿಕೊಂಡು ಕೊಟ್ಟಿಗೆಗೆ ಹೋಗಿ ಹಾಲು ಕರೆಯಲು ಕುಳಿತಳು. ಕೈಯ ವಾಚು ಬಿಚ್ಚಿ ಹಿತ್ತಿಲ ಜಗಲಿಯ ಕಿಟಕಿಯ ಮೇಲಿಟ್ಟಿದ್ದಳು. ಹಾಲು ಪಾತ್ರೆಗೆ ಬೀಳುವ ಸದ್ದು ಎಂದಿನಂತೆಯೇ ಸಮವಾಗಿತ್ತು. ಪಕ್ಕದ ಮನೆಯಾಕೆ ಹಾಲು ತೆಗೆದುಕೊಂಡು, ಏನೂ ತಮಾಷೆ ಮಾಡದೆ ಹೋದರು. ನನ್ನ ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಷರತ್ತಿನ ಪ್ರಕಾರ, ಬೇಡ ಎಂದು ಅವಳಿಗೆ ನಾನೇ ಹೇಳಬೇಕಿತ್ತು. ಮಾತು ಹೇಗೆ ಶುರುಮಾಡುವುದೆಂದು ಯೋಚಿಸುತ್ತ ಅದೇ ಜಗಲಿಯಲ್ಲಿ ಕುಳಿತೆ.

ಅತ್ತಿಗೆ ಎಲೆ ಅಡಿಕೆ ತಟ್ಟೆ ತಂದು ನನ್ನ ಪಕ್ಕ ಕುಳಿತರು. ಎಲೆಗೆ ಸುಣ್ಣ ಸವರುತ್ತ ಕೊಟ್ಟಿಗೆಯ ಕಡೆಗೇ ನೋಡುತ್ತಿದ್ದರು. ಆಮೇಲೆ ಕೇಳಿದರು, "ಆ ಮೊಮೊದೋಳು, ಒಳ್ಳೇ ಹೆಂಗಸಾ?"

"ತುಂಬಾ ಒಳ್ಳೆಯವಳು. ನಮ್ಮ ಹಾಗೇ ಎಲೆ ಅಡಿಕೆ ಹಾಕ್ತಾಳೆ. ಯಾಕೆ?"

"ನನ್ನ ತಮ್ಮನ ಛತ್ರಿ ಅವಳ ಮನೇಲೇ ಇರ್ತಿತ್ತಲ್ವ. ಶನಿವಾರ ಬಿಟ್ಟು ಬಂದ್ರೆ ಸೋಮವಾರದ ಗಂಟ ಇಟ್ಕೊಂಡಿರ್ತಾಳಾ?"

"ವಾರಗಟ್ಟಲೆ ಇಟ್ಕೊಂಡಿದ್ಲು."

ಅತ್ತಿಗೆ ಎಲೆಯನ್ನು ಮಡಿಸಿ ಕೈಯಲ್ಲೇ ಹಿಡಿದುಕೊಂಡರು. "ಮತ್ತೆ ಅದೇ ಪರಸ್ಥಾನ ಆಯ್ತಲ್ಲೇ," ಅಂದರು.

ನಮ್ಮ ಕಡೆಯ ಪದ್ಧತಿ ಅದು. ಹೊರಡಬೇಕಾದ ಗಳಿಗೆ ಚೆನ್ನಾಗಿಲ್ಲದಿದ್ದರೆ, ಒಂದೆರಡು ದಿನ ಮುಂಚೆಯೇ ಒಳ್ಳೆಯ ಹೊತ್ತು ನೋಡಿ, ಒಯ್ಯುವ ಸಾಮಾನಿನಲ್ಲಿ ಒಂದನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುತ್ತಾರೆ. ಅಲ್ಲಿಗೆ ಪ್ರಯಾಣ ಶುರುವಾಯಿತೆಂದೇ ಲೆಕ್ಕ. ಆಮೇಲೆ ಮನುಷ್ಯರು ಯಾವ ಹೊತ್ತಿಗೆ ಹೊರಟರೂ ಅಡ್ಡಿಯಿಲ್ಲ. ನಮ್ಮಮ್ಮನೂ ಹಾಗೆ ಎಷ್ಟೋ ಸಲ ಪಕ್ಕದ ಮನೆಯಲ್ಲಿ ಚೀಲ ಇಟ್ಟು ಬಂದದ್ದುಂಟು. ನಾನು ಮಧ್ಯಾಹ್ನವಿಡೀ ಛತ್ರಿ ಛತ್ರಿ ಎಂದು ಹೇಳಿದ್ದೆ, ನನಗೆ ಮಳೆ ಬಿಟ್ಟು ಬೇರೆ ಏನೂ ಹೊಳೆದಿರಲಿಲ್ಲ.

"ಶನಿವಾರ ಸಂಜಿಕೆ ರಾಹುಕಾಲ ಇಲ್ಲ," ಅತ್ತಿಗೆ ಬೆರಳು ಮಡಿಸುತ್ತ ಹೇಳಿದರು. "ಆ ಹೊತ್ತಲ್ಲಿ ಛತ್ರೀನ ದೇಶದ ಹೊಸಿಲಿನ ಆ ಕಡೆ ಮಡಗಿ ಬತ್ತಾಳೆ. ಅಲ್ಲಿಗೆ ಸೋಮವಾರದ ಹೊಸಿಲು ದಾಟಿ ಆಯ್ತು. ಇವಳು ಯಾವಾಗ ಬೇಕಾದ್ರೂ ಹೋಗ್ಲಿ."

"ಮೊದಲನೇ ಸೋಮವಾರಕ್ಕೆ?" ಅವರ ಮಗ ಒಳಗಿನಿಂದಲೇ ಕೇಳಿದ. ಅವನು ವೈರು ಬಿಟ್ಟು ಕಿವಿ ಇಲ್ಲಿ ಇಟ್ಟಿದ್ದ ಎಂದು ಆಗ ತಿಳಿಯಿತು.

"ಭಾನುವಾರ ಬೆಳಿಗ್ಗೆ ಇಬ್ರೂ ಹೋಗಿ ಊರು ನೋಡ್ಕೊಂಡು, ಅದೇನೋ ಮೊಮೊ ತಿಂದು, ಛತ್ರಿ ಕೊಟ್ಟು ಬನ್ನಿ. ಅಷ್ಟೂ ಗೊತ್ತಾಗಲ್ವೇನ್ಲಾ?"

ಹಾಲು ಬೀಳುವ ಸದ್ದು ನಿಂತಿತ್ತು. ಸೊಸೆ ಪಾತ್ರೆ ಹಿಡಿದು ತಗಡಿನ ಗೇಟಿನ ಆಚೆ ನಿಂತಿದ್ದಳು. ಕೊಂಡಿ ಇನ್ನೂ ಹಾಕಿಯೇ ಇತ್ತು. ಅತ್ತಿಗೆ ಎದ್ದು ಹೋಗಿ ಕೊಂಡಿ ತೆಗೆದರು. "ನಾಳೆ ಅವರಿಗೆ ಫೋನ್ ಮಾಡಿ ಬತ್ತೀನಿ ಅಂತ ಹೇಳು," ಅಂದರು. "ಏಳೂವರೆ ಒಳಗೆ ಮಾಡು. ಅದಕ್ಕೆ ಪರಸ್ಥಾನ ಇಡಾಕಾಗಲ್ಲ."

ಸೊಸೆ ಪಾತ್ರೆ ಕೆಳಗಿಡುವುದನ್ನೂ ಮರೆತು ನಕ್ಕಳು. ಹಾಲು ಸ್ವಲ್ಪ ತುಳುಕಿ ಕಾಲ ಮೇಲೆ ಬಿತ್ತು. ನಾನು ಕಿಟಕಿಯ ಮೇಲಿನ ವಾಚು ತೆಗೆದು ಅವಳ ಕೈಗೆ ಕಟ್ಟಿದೆ. ಅತ್ತಿಗೆ ಅದನ್ನು ಬಗ್ಗಿ ನೋಡಿದರು. "ಅರ್ಧ ಗಂಟೆ ಮುಂದಿರೋದು ನನಗೆ ವಾರದಿಂದ ಗೊತ್ತೈತೆ ಕಣೇ," ಅಂದರು.

ಗಂಡ ಹೆಂಡತಿ ಜೈಗಾಂವ್‌ಗೆ ಹೋಗಿ ಈಗ ವರ್ಷ ತುಂಬುತ್ತ ಬಂತು. ಮೊಮೊ ಅಂಗಡಿಯಾಕೆ ಇನ್ನೂ ಅಲ್ಲೇ ಇದ್ದಾಳೆ. ನನ್ನನ್ನು ನೆನಪಿಟ್ಟುಕೊಂಡಿದ್ದಾಳಂತೆ, ಕಾರಿಗೆ ನಮಸ್ಕಾರ ಮಾಡಿದವಳು ಎಂದು. ಪ್ರತಿ ಶನಿವಾರ ಸಂಜೆ ಅತ್ತಿಗೆ ಫೋನು ಮಾಡಿ ಕೇಳುವುದು ಊಟದ ವಿಚಾರವಲ್ಲ, ಸಂಬಳದ ವಿಚಾರವಲ್ಲ. "ಛತ್ರಿ ಇಟ್ಟೆಯೇನೇ?" ಅಷ್ಟೇ. ಇಟ್ಟೆ ಅತ್ತೆ ಎಂದ ಮೇಲೆ ಉಳಿದ ಮಾತು.

ಒಂದು ಶನಿವಾರ ಕೆಲಸ ಬಿಡುವ ಹೊತ್ತಿಗೆ ಜೋರು ಮಳೆ. ಸೊಸೆ ಎಂದಿನಂತೆ ಛತ್ರಿಯನ್ನು ಅಂಗಡಿಯ ಮೊಳೆಗೆ ಹಾಕಿ, ಬರಿ ತಲೆಯಲ್ಲಿ ಸಾಲಿಗೆ ನಿಂತಳಂತೆ. ಅಂಗಡಿಯಾಕೆ ಹಿಂದೆ ಓಡಿಬಂದು ಛತ್ರಿ ಹಿಡಿದರೆ, ಬೇಡ, ಅದು ಸೋಮವಾರದ್ದು ಎಂದಳಂತೆ. ಈಚೆಯ ಛತ್ರಿ ಮನೆಯಲ್ಲಿತ್ತು. ಪೂರ್ತಿ ನೆನೆದು ಮನೆಗೆ ಬಂದಳು. ಇದನ್ನು ಫೋನಿನಲ್ಲಿ ಕೇಳಿ ನಾವು ಅರಸೀಕೆರೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅತ್ತಿಗೆ ನಗಲಿಲ್ಲ. "ಎರಡು ಸಾಲದು," ಅಂದರು. "ಶನಿವಾರಕ್ಕೆ ಬೇರೇನೇ ಒಂದು ಬೇಕು."

ಹಾಗಾಗಿ ಈಗ ನಾನು ನನ್ನ ಸಲಹೆಯನ್ನು ತಿದ್ದಿಕೊಂಡಿದ್ದೇನೆ. ಗಡಿ ದಾಟಿ ಕೆಲಸಕ್ಕೆ ಹೋಗುವವರು ಮೂರು ಛತ್ರಿ ಇಟ್ಟುಕೊಳ್ಳಬೇಕು.

ಮೂರನೆಯದನ್ನು ಅತ್ತಿಗೆ ಅರಸೀಕೆರೆಯ ಸಂತೆಬೀದಿಯಲ್ಲಿ ನನ್ನ ಜೊತೆಯಲ್ಲೇ ಕೊಂಡರು. ನಾಲ್ಕು ಅಂಗಡಿ ಸುತ್ತಿ, ಪ್ರತಿಯೊಂದನ್ನೂ ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿ, ಕೊನೆಗೆ ದೊಡ್ಡ ಕಪ್ಪನೆಯದೊಂದನ್ನು ಆರಿಸಿದರು. ಪಾರ್ಸೆಲ್ ಮಾಡೋಣ ಎಂದೆ. "ಇನ್ನೊಬ್ಬರ ಕೈಲಿ ಗಂಟು ಕೊಡಬಾರದು ಅಂತ ನೀನೇ ಹೇಳಿಕೊಟ್ಟಿದ್ದಲ್ಲ," ಅಂದರು. "ನಾನೇ ಹೋಗಿ ಕೊಟ್ಟು ಬತ್ತೀನಿ. ಆ ಗೇಟು ನೋಡ್ಬೇಕು. ವೋಟರ್ ಕಾರ್ಡ್ ತೆಗೆದು ಮಡಗಿದೀನಿ, ಆಧಾರ್ ಮನೇಲೇ ಇರ್ಲಿ."

ಹಸುವನ್ನು ಪಕ್ಕದ ಮನೆಯಾಕೆ ನೋಡಿಕೊಳ್ಳುತ್ತಾರಂತೆ, ಅತ್ತಿಗೆ ವಾಪಸು ಬಂದ ಮೇಲೆ ಮಜ್ಜಿಗೆ ಕೊಡುವ ಕರಾರಿನ ಮೇಲೆ. ಅತ್ತಿಗೆ ಇಲ್ಲಿಂದ ಬೆಂಗಳೂರಿಗೆ ಹೋಗಿ, ಅಲ್ಲಿಂದ ಮುಂದಿನ ರೈಲು ಹಿಡಿಯಬೇಕು. ನಾನೂ ಜೊತೆಗೆ ಹೊರಟಿದ್ದೇನೆ. ನಮ್ಮ ರೈಲಿರುವುದು ಸೋಮವಾರ, ಮಾದಿಹಳ್ಳಿಯಿಂದ ಅವರು ಹೊರಡಬೇಕಾದದ್ದು ಬೆಳಿಗ್ಗೆ ಎಂಟಕ್ಕೆ. ಅದಕ್ಕೇ ನಿನ್ನೆಯೇ ಒಳ್ಳೆಯ ಹೊತ್ತು ನೋಡಿ ಬಂದು, ಕಾಫಿ ಕುಡಿದು, ಆ ಕಪ್ಪು ಛತ್ರಿಯನ್ನು ನಮ್ಮ ಮುಂಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ ಹೋಗಿದ್ದಾರೆ. ಬಾಗಿಲು ತೆಗೆದಾಗಲೆಲ್ಲ ಅದು ಗೋಡೆಗೆ ತಾಗಿ ಟಕ್ ಎನ್ನುತ್ತಿದೆ.